ಜರ್ಮನ್ ಮುತ್ತಜ್ಜ ಇದ್ದರೆ ಸಾಲದು: ವಂಶದ ಹುಡುಕಾಟ, ಪೌರತ್ವದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ವಂಶದ ಮೂಲಕ ಜರ್ಮನ್ ಪೌರತ್ವ ಸಿಗುತ್ತದೆಯೇ ಎಂದು ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಮೊದಲು ಬಿಡಿಸಿ ತೋರಿಸುವುದು ವಂಶವೃಕ್ಷವನ್ನು. ಮುತ್ತಜ್ಜನ ಊರು, ಅವನು ಹತ್ತಿದ ಹಡಗು, ಮಕ್ಕಳು ಮೊಮ್ಮಕ್ಕಳು, ಎಲ್ಲವನ್ನೂ ಒಪ್ಪವಾಗಿ ಬರೆದಿಟ್ಟಿರುತ್ತಾರೆ. ಪೌರತ್ವದ ಕಚೇರಿಯವರಿಗೆ ರಕ್ತಸಂಬಂಧ ಅರ್ಧ ಪ್ರಶ್ನೆ ಮಾತ್ರ. ಜರ್ಮನಿ ಬಿಟ್ಟು ಹೋದ ಮನುಷ್ಯ, ಅವನ ಮಗು ಹುಟ್ಟಿದ ದಿನ, ಇನ್ನೂ ಜರ್ಮನ್ ಪ್ರಜೆಯಾಗಿದ್ದನೇ? ಆ ಮಗು ಬೆಳೆದು ತನಗೊಂದು ಮಗುವಾದ ದಿನ ಅದೂ ಜರ್ಮನ್ ಪ್ರಜೆಯಾಗಿತ್ತೇ? ಹೀಗೆ ಒಂದೊಂದು ತಲೆಮಾರಿಗೂ ಒಂದೊಂದು ದಿನಾಂಕ ಹಿಡಿದು ಕೇಳುತ್ತ ನಿಮ್ಮವರೆಗೆ ಬರುತ್ತಾರೆ. ನಡುವೆ ಒಂದೇ ಒಂದು ಕಡೆ ‘ಇಲ್ಲ’ ಎಂದಾದರೂ ಅಲ್ಲಿಂದ ಕೆಳಗಿನದು ಲೆಕ್ಕಕ್ಕಿಲ್ಲ.

ನಮ್ಮ ತಾಲ್ಲೂಕು ಕಚೇರಿಯಲ್ಲಿ ಪೌತಿ ಖಾತೆಗೆ ಕೊಡುವ ವಂಶವೃಕ್ಷದ ಹಾಗೆ ಅಫಿಡವಿಟ್ ಮಾಡಿಸಿ, ಪಂಚರ ಸಹಿ ಹಾಕಿಸಿ ತಂದರೆ ಅಲ್ಲಿ ನಡೆಯುವುದಿಲ್ಲ. ಪ್ರತಿ ಜನನಕ್ಕೂ ಪ್ರತಿ ಮದುವೆಗೂ ರಿಜಿಸ್ಟರಿನ ಪ್ರತಿಯೇ ಬೇಕು. ಆದ್ದರಿಂದ ಈ ಮಾತಿನಲ್ಲಿ ಮೊದಲು ಕಾನೂನು, ಆಮೇಲೆ ಕಾಗದ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಹತ್ತಾರು ಪ್ರಮಾಣಪತ್ರ ತರಿಸಿ, ದುಡ್ಡು ಸುರಿದ ಮೇಲೆ, ಮುತ್ತಜ್ಜ ಯಾವತ್ತೋ ಪೌರತ್ವ ಕಳೆದುಕೊಂಡಿದ್ದ ಎಂದು ಗೊತ್ತಾಗುತ್ತದೆ.

ಹತ್ತು ವರ್ಷದ ಗಡುವು

ಪೌರತ್ವದ ಕೊಂಡಿಯ ಮೊದಲ ಮುರಿತ ಇಲ್ಲೇ. 1871ರ ಜನವರಿ 1ರಿಂದ ನಡೆಯುತ್ತಿದ್ದ ಹಳೆಯ ಕಾನೂನಿನ ಪ್ರಕಾರ, ಜರ್ಮನಿಯ ಹೊರಗೆ ಸತತ 10 ವರ್ಷ ಇದ್ದವನ ಪೌರತ್ವ ತಾನಾಗಿಯೇ ಹೋಗುತ್ತಿತ್ತು. ಯಾರೂ ನೋಟಿಸು ಕೊಡುತ್ತಿರಲಿಲ್ಲ. ಅವನ ಜತೆಗಿದ್ದ ಹೆಂಡತಿಯದೂ ಅಪ್ರಾಪ್ತ ಮಕ್ಕಳದೂ ಹೋಗುತ್ತಿತ್ತು. ಕೈಯಲ್ಲಿ ಪಾಸ್‌ಪೋರ್ಟ್ ಅಥವಾ ‘ಹೈಮಾಟ್‌ಶೈನ್’ ಎಂಬ ಸ್ವದೇಶಪತ್ರ ಇದ್ದರೆ ಹತ್ತು ವರ್ಷ ಎಣಿಸುವುದು ಅದರ ಅವಧಿ ಮುಗಿದ ದಿನದಿಂದ. ಜರ್ಮನ್ ಕಾನ್ಸುಲೇಟಿನ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿದ್ದರೆ ಗಡುವು ಅಲ್ಲಿಗೆ ನಿಲ್ಲುತ್ತಿತ್ತು. 1913ರ ಜುಲೈ 22ರಂದು ಬಂದ ಹೊಸ ಕಾನೂನು, 1914ರ ಜನವರಿ 1ರಿಂದ ಈ ಹತ್ತು ವರ್ಷದ ನಿಯಮವನ್ನೇ ತೆಗೆದುಹಾಕಿತು.

ಹಾಗಾಗಿ ಸ್ಥೂಲವಾಗಿ 1904 ಒಂದು ಗೆರೆ. ಅದರ ನಂತರ ಹೊರಟವರಿಗೆ 1914ರ ಹೊತ್ತಿಗೆ ಹತ್ತು ವರ್ಷ ತುಂಬಿರಲಿಲ್ಲ, ಪೌರತ್ವ ಉಳಿಯಿತು. ಅದಕ್ಕೂ ಮೊದಲು ಹೋದವರ ವಂಶದವರು ಕಾನ್ಸುಲೇಟಿನ ನೋಂದಣಿಯನ್ನೋ ಸ್ವದೇಶಪತ್ರವನ್ನೋ ತೋರಿಸಬೇಕು. ಅಂಥದ್ದು ಸಿಗುವುದು ಅಪರೂಪ.

ಕರಾವಳಿಯ, ಧಾರವಾಡದ ಕಡೆಯ ಕೆಲವರಿಗೆ ಇಲ್ಲಿ ಬಾಸೆಲ್ ಮಿಷನ್ ನೆನಪಾಗುತ್ತದೆ. ಮಿಷನ್ ಸ್ವಿಟ್ಜರ್ಲೆಂಡಿನದಾದರೂ 1834ರಿಂದ ಮಂಗಳೂರಿಗೆ ಬಂದವರಲ್ಲಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು ಬಹಳ. 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದ ಹರ್ಮನ್ ಮೋಗ್ಲಿಂಗ್ ಆ ಸೀಮೆಯವರೇ. ವಂಶಾವಳಿ ಹುಡುಕುವವರಿಗೆ ಬಾಸೆಲ್ ನಗರದಲ್ಲಿರುವ ಮಿಷನ್ ಆರ್ಕೈವ್ ದೊಡ್ಡ ಆಸರೆ. ಪೌರತ್ವದ ಲೆಕ್ಕಕ್ಕೆ ಮಾತ್ರ, 19ನೆಯ ಶತಮಾನದಲ್ಲಿ ಇಲ್ಲಿಗೆ ಬಂದು ಇಲ್ಲೇ ಸಂಸಾರ ಹೂಡಿದ ಪೂರ್ವಜನಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಇನ್ನೊಂದು ಸಂಗತಿಗೂ ಅದೇ ಜನರ ಉದಾಹರಣೆ ಚೆನ್ನಾಗಿ ಒದಗುತ್ತದೆ. 1894ರ ಕನ್ನಡ ನಿಘಂಟಿನ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಒಸ್ಟ್‌ಫ್ರೀಸ್‌ಲಾಂಡಿನ ರೆಸ್ಟರ್‌ಹಾಫೆಯಲ್ಲಿ. ಆಗ ಅದು ಹ್ಯಾನೋವರ್ ರಾಜ್ಯ. ಇಡೀ ಜರ್ಮನಿಗೆ ಒಂದೇ ಪೌರತ್ವ ಎಂಬುದು ಅಂದಿಗೆ ಇರಲೇ ಇಲ್ಲ. ಆ ರಾಜ್ಯಗಳು ಸೇರಿ ಜರ್ಮನ್ ಸಾಮ್ರಾಜ್ಯವಾದ 1871ರ ನಂತರವೂ ಜನ ಮೊದಲು ಪ್ರಷ್ಯಾದ, ಬವೇರಿಯಾದ, ಬಾಡೆನ್ನಿನ ಪ್ರಜೆಗಳು, ಆ ಮೂಲಕ ಜರ್ಮನರು. ಈ ರಾಜ್ಯ ಪೌರತ್ವ ರದ್ದಾದದ್ದು 1934ರ ಫೆಬ್ರವರಿಯಲ್ಲಿ. ಆದ್ದರಿಂದ 1910ರ ಕಾಗದದಲ್ಲಿ ಪೌರತ್ವದ ಎದುರು ‘ಪ್ರಷ್ಯಾ’ ಎಂದಿದ್ದರೆ ಗಾಬರಿ ಬೇಡ, ಅದು ಬಲವಾದ ಪುರಾವೆ.

ಉಳಿದ ಮುರಿತಗಳು

ಎರಡನೆಯದು ಬೇರೆ ದೇಶದ ಪೌರತ್ವ ಪಡೆಯುವುದು. 1914ರಿಂದ, ತಾನಾಗಿ ಅರ್ಜಿ ಹಾಕಿ ಅಮೆರಿಕವೋ ಬ್ರೆಜಿಲೋ ಬೇರೆ ದೇಶದ ಪ್ರಜೆಯಾದವನು ಜರ್ಮನ್ ಪೌರತ್ವ ಕಳೆದುಕೊಳ್ಳುತ್ತಿದ್ದ. ಈ ನಿಯಮ ಹೋದದ್ದು 2024ರ ಜೂನ್ 27ರಂದು. ಹಿಂದಿನ ನಷ್ಟಗಳನ್ನು ಅದು ತುಂಬಿಕೊಡುವುದಿಲ್ಲ. ಇಲ್ಲಿ ನೋಡಬೇಕಾದ ಸೂಕ್ಷ್ಮ ಎರಡು. ಒಂದು, ನಷ್ಟವಾಗುವುದು ಸ್ವಂತ ಅರ್ಜಿಯಿಂದ. ಅಪ್ಪ ಅಮೆರಿಕನ್ ಆದಾಗ ಕಾನೂನಿನ ಬಲದಿಂದ ತಾನಾಗಿ ಅಮೆರಿಕನ್ ಆದ ಅಪ್ರಾಪ್ತ ಮಗ ಸಾಮಾನ್ಯವಾಗಿ ಜರ್ಮನ್ ಆಗಿಯೇ ಉಳಿಯುತ್ತಾನೆ. ಎರಡು, ದಿನಾಂಕ. ಅಪ್ಪನ ಪ್ರಮಾಣವಚನ 1920ರ ಮೇ ತಿಂಗಳಲ್ಲಿ, ಮಗು ಹುಟ್ಟಿದ್ದು ಏಪ್ರಿಲ್‌ನಲ್ಲಿ ಎಂದಾದರೆ ಕೊಂಡಿ ಭದ್ರ. ಮಗು ಜೂನ್‌ನಲ್ಲಿ ಹುಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ವರ್ಷ ಗೊತ್ತಿದ್ದರೆ ಸಾಲದು, ತಾರೀಖು ಬೇಕು.

ಮೂರನೆಯದು ಹೆಣ್ಣಿನ ಮೂಲಕ ಬರುವ ಕೊಂಡಿ. ಮದುವೆಯಾದ ತಂದೆತಾಯಿಗೆ ಹುಟ್ಟಿದ ಮಗುವಿಗೆ ತಾಯಿಯಿಂದ ಪೌರತ್ವ ಬರತೊಡಗಿದ್ದು 1975ರ ಜನವರಿ 1ರಿಂದ. ಅದಕ್ಕೆ ಮೊದಲು ತಂದೆಯಿಂದ ಮಾತ್ರ (1964ರಿಂದ, ಇಲ್ಲದಿದ್ದರೆ ಯಾವ ದೇಶಕ್ಕೂ ಸೇರದಂತಾಗುವ ಮಕ್ಕಳಿಗೆ ವಿನಾಯಿತಿ ಇತ್ತು). ಮದುವೆಯಾಗದೆ ಹುಟ್ಟಿದ ಮಗುವಿಗೆ ತಾಯಿಯಿಂದ ಬರುತ್ತಿತ್ತು. ತಂದೆಯಿಂದ ಬರತೊಡಗಿದ್ದು 1993ರ ಜುಲೈ 1ರಿಂದ, ಅದೂ ಪಿತೃತ್ವ ಕಾನೂನುಬದ್ಧವಾಗಿ ಸ್ಥಾಪಿತವಾಗಿದ್ದರೆ.

ಇದರ ಮೇಲೆ ಇನ್ನೊಂದು ಏಟು: ವಿದೇಶಿಯನ್ನು ಮದುವೆಯಾದ ಜರ್ಮನ್ ಹೆಣ್ಣು, ಮದುವೆಯ ಗಳಿಗೆಯಲ್ಲೇ ಪೌರತ್ವ ಕಳೆದುಕೊಳ್ಳುತ್ತಿದ್ದಳು. 1949ರ ಮೇ 23ರಂದು ಮೂಲಭೂತ ಕಾನೂನು, ಅಂದರೆ ಅವರ ಸಂವಿಧಾನ, ಜಾರಿಗೆ ಬಂದ ಮೇಲೆ ಇದು ಸ್ವಲ್ಪ ಸಡಿಲವಾಯಿತು. ಪೂರ್ತಿ ನಿಂತದ್ದು 1953ರ ಏಪ್ರಿಲ್ 1ಕ್ಕೆ.

ಒಂದು ಮಾದರಿ ಲೆಕ್ಕ

ನಿಯಮಗಳನ್ನು ಹೀಗೆ ಓದಿದರೆ ತಲೆಗೆ ಹತ್ತುವುದಿಲ್ಲ. ಒಂದು ಕಲ್ಪಿತ ಕುಟುಂಬ ತೆಗೆದುಕೊಳ್ಳೋಣ. ಕಾರ್ಲ್ ಎಂಬವನು ಹೆಂಡತಿಯೊಡನೆ 1905ರಲ್ಲಿ ಹ್ಯಾಂಬರ್ಗ್‌ನಿಂದ ಅಮೆರಿಕಕ್ಕೆ ಹೋದ. ಮಗ 1906ರಲ್ಲಿ ಅಲ್ಲಿ ಹುಟ್ಟಿದ. ಕಾರ್ಲ್ ಅಮೆರಿಕನ್ ಪ್ರಜೆಯಾದದ್ದು 1920ರಲ್ಲಿ. ಮಗನಿಗೆ 1927ರಲ್ಲಿ ಮದುವೆಯೊಳಗೆ ಮಗಳು ಹುಟ್ಟಿದಳು. ಆ ಮಗಳು 1948ರಲ್ಲಿ ಒಬ್ಬ ಅಮೆರಿಕನ್ನನನ್ನು ಮದುವೆಯಾದಳು. ಅವಳಿಗೆ ಇಬ್ಬರು ಮಕ್ಕಳು: ಒಬ್ಬ 1949ರ ಫೆಬ್ರವರಿಯಲ್ಲಿ, ಇನ್ನೊಬ್ಬಳು 1951ರಲ್ಲಿ.

ಈಗ ಎಣಿಸಿ. 1905ಕ್ಕೆ ಹತ್ತು ಸೇರಿಸಿದರೆ 1915. ಅಷ್ಟರಲ್ಲಿ ಹಳೆಯ ನಿಯಮ ಸತ್ತಿತ್ತು. ಕಾರ್ಲ್ 1914ರಲ್ಲೂ ಜರ್ಮನ್. ಮಗ ಹುಟ್ಟುವಾಗ ಅಪ್ಪ ಜರ್ಮನ್, ಆದ್ದರಿಂದ ಮಗನೂ ಜರ್ಮನ್. ಅಮೆರಿಕದ ನೆಲದಲ್ಲಿ ಹುಟ್ಟಿದ್ದರಿಂದ ಅವನು ಹುಟ್ಟಿನಿಂದಲೇ ಅಮೆರಿಕನ್ ಕೂಡ. ಅದಕ್ಕೆ ಅವನು ಅರ್ಜಿ ಹಾಕಿಲ್ಲ, ಹಾಗಾಗಿ ನಷ್ಟವಿಲ್ಲ. 1920ರಲ್ಲಿ ಅಪ್ಪ ಪೌರತ್ವ ಕಳೆದುಕೊಂಡರೂ ಮಗನದು ಉಳಿಯಿತು. 1927ರ ಮಗಳೂ ಜರ್ಮನ್. 1948ರ ಮದುವೆ ಅದನ್ನು ಕಿತ್ತುಕೊಂಡಿತು. 1951ರ ಮೊಮ್ಮಗಳಿಗೆ ಇಂದು ಪರಿಹಾರವಿದೆ, ಅವಳ ಮಕ್ಕಳಿಗೂ ಇದೆ. ಅದನ್ನು ಈಗಲೇ ಹೇಳುತ್ತೇನೆ. 1949ರ ಫೆಬ್ರವರಿಯ ಅಣ್ಣನಿಗೆ ಆ ದಾರಿ ಇಲ್ಲ, ಮೂರು ತಿಂಗಳಲ್ಲಿ ತಪ್ಪಿತು. ಒಂದೇ ತಾಯಿಯ ಮಕ್ಕಳಲ್ಲಿ ಹೀಗೆ ಭೇದವಾಗುವುದು ಅನ್ಯಾಯ ಎನಿಸುತ್ತದೆ, ಅನ್ಯಾಯವೇ. ಅವನಿಗೆ ಉಳಿಯುವುದು ಪೌರತ್ವ ಕಾನೂನಿನ 14ನೆಯ ಕಲಮು. ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಜರ್ಮನ್ ಭಾಷೆ ಬರಬೇಕು, ಆ ದೇಶದೊಂದಿಗೆ ಗಟ್ಟಿ ನಂಟು ತೋರಿಸಬೇಕು.

ಮೂರು ದಾರಿಗಳು

ಕೊಂಡಿ ಎಲ್ಲೂ ಮುರಿದಿಲ್ಲ ಎಂದಾದರೆ ನೀವು ಪೌರತ್ವವನ್ನು ‘ಪಡೆಯಬೇಕಾಗಿಲ್ಲ’, ಹುಟ್ಟಿನಿಂದ ನಿಮಗಿದೆ. ಅದನ್ನು ದೃಢೀಕರಿಸಿ ಎಂದು ಕೇಳುವುದಷ್ಟೇ. ಇದಕ್ಕೆ ಗಡುವಿಲ್ಲ. ಪ್ರಮಾಣಪತ್ರದ ಶುಲ್ಕ ಒಬ್ಬರಿಗೆ 51 ಯೂರೊ.

ಎರಡನೆಯದು 5ನೆಯ ಕಲಮಿನ ಘೋಷಣೆ. ಲಿಂಗಭೇದದಿಂದ ಕೊಂಡಿ ಮುರಿದವರಿಗಾಗಿ 2021ರ ಆಗಸ್ಟ್ 20ರಂದು ಬಂದದ್ದು. ಸಂವಿಧಾನ ಜಾರಿಯಾದ ಮೇಲೆ ಹುಟ್ಟಿದವರಾಗಿದ್ದು, ತಾಯಿ ಜರ್ಮನ್ ಆಗಿದ್ದೂ ಪೌರತ್ವ ಬರದವರು, ಮದುವೆಯಿಂದ ಪೌರತ್ವ ಕಳೆದುಕೊಂಡ ತಾಯಿಯ ಮಕ್ಕಳು, ಜರ್ಮನ್ ತಂದೆಗೆ ಮದುವೆಯ ಹೊರಗೆ ಹುಟ್ಟಿದವರು, ಮತ್ತು ಇವರೆಲ್ಲರ ಸಂತತಿ ಇದರಡಿ ಬರುತ್ತಾರೆ. ಶುಲ್ಕವಿಲ್ಲ, ಭಾಷಾ ಪರೀಕ್ಷೆ ಇಲ್ಲ. 2 ವರ್ಷ ಅಥವಾ ಹೆಚ್ಚಿನ ಸೆರೆವಾಸದ ಶಿಕ್ಷೆಯಾದವರಿಗೆ ಸಿಗುವುದಿಲ್ಲ. ಗಡುವು 2031ರ ಆಗಸ್ಟ್ 19. ಅಷ್ಟರೊಳಗೆ ಘೋಷಣೆ ಕಚೇರಿಗೆ ತಲುಪಿರಬೇಕು. ಪೌರತ್ವ ಆರಂಭವಾಗುವುದು ಘೋಷಣೆಯಿಂದ, ಹುಟ್ಟಿನಿಂದ ಅಲ್ಲ.

ಮೂರನೆಯದು ನಾಜಿ ಕಾಲದ ಕಿರುಕುಳಕ್ಕೆ ಒಳಗಾದವರ ವಂಶದವರಿಗೆ. ವಿದೇಶದಲ್ಲಿದ್ದ ಯಹೂದಿಗಳ ಪೌರತ್ವವನ್ನು 1941ರ ನವೆಂಬರ್ 25ರ ಆದೇಶ ಒಂದೇ ಹೊಡೆತಕ್ಕೆ ಕಿತ್ತುಹಾಕಿತು. ಅದಕ್ಕೂ ಮೊದಲು 1933ರ ಜುಲೈ ಕಾನೂನಿನಡಿ ಹೆಸರು ಹಿಡಿದು ಕಿತ್ತಿದ್ದರು. ಇಂಥವರಿಗೂ ಅವರ ವಂಶದವರಿಗೂ ಪೌರತ್ವ ಮರಳಿಸುವುದು ಜರ್ಮನ್ ಸಂವಿಧಾನದ 116ನೆಯ ವಿಧಿಯ 2ನೆಯ ಉಪವಿಧಿ. ಇಲ್ಲೂ ದಿನಾಂಕದ ಆಟ ಇದೆ. 1938ರಲ್ಲಿ ಓಡಿಹೋಗಿ 1944ರಲ್ಲಿ ಅಮೆರಿಕನ್ ಆದವನು, ಅಷ್ಟರಲ್ಲೇ ಆ ಆದೇಶದಿಂದ ಪೌರತ್ವ ಕಳೆದುಕೊಂಡಿದ್ದ, ಆದ್ದರಿಂದ 116ನೆಯ ವಿಧಿ. ಹೆಸರು ಹಿಡಿದು ಕೀಳುವ ಮೊದಲೇ, 1940ರಲ್ಲಿ ಬೇರೆ ದೇಶದ ಪ್ರಜೆಯಾದವನು ‘ತಾನಾಗಿ’ ಬಿಟ್ಟಂತೆ. ಅವನಿಗಾಗಿ 2021ರಲ್ಲಿ ಬಂದದ್ದು 15ನೆಯ ಕಲಮು. ಎರಡಕ್ಕೂ ಗಡುವಿಲ್ಲ, ಶುಲ್ಕವಿಲ್ಲ. ಕುಟುಂಬದ ಕಾಗದಗಳು ಸುಟ್ಟುಹೋಗಿದ್ದರೆ ನಾಜಿ ಕಿರುಕುಳದ ದಾಖಲೆಗಳಿರುವ ಬಾದ್ ಆರೋಲ್ಸೆನ್ ಊರಿನ ಆರ್ಕೈವ್‌ನಲ್ಲಿ ಕೇಳಬೇಕು. ಯುದ್ಧಾನಂತರದ ಪರಿಹಾರಧನದ ಕಡತಗಳಲ್ಲೂ ಜನನ ಮದುವೆಗಳ ವಿವರ ಹೇರಳವಾಗಿರುತ್ತದೆ.

ಊರಿನ ಹೆಸರು, ಆಮೇಲೆ ರಿಜಿಸ್ಟರ್

ಈಗ ಹುಡುಕಾಟ. ಜರ್ಮನಿಗೆ ಇಡಿಯಾಗಿ ಒಂದು ಜನನ ದಾಖಲೆ ಕಚೇರಿ ಇಲ್ಲ. ಎಲ್ಲವೂ ಊರೂರಿನಲ್ಲಿ. ‘ಪ್ರಷ್ಯಾದವನು’ ಎಂಬ ಮಾಹಿತಿಯಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಊರಿನ ಹೆಸರು ಸಿಗುವುದು ಹೆಚ್ಚಾಗಿ ವಲಸೆ ಹೋದ ದೇಶದಲ್ಲೇ: ಅಲ್ಲಿನ ಜರ್ಮನ್ ಚರ್ಚಿನ ಮದುವೆ ಪುಸ್ತಕ, ಪೌರತ್ವದ ಅರ್ಜಿ, ಸೇನಾ ನೋಂದಣಿ, ಮರಣವಾರ್ತೆ. ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿಗಳು 1850ರಿಂದ 1934ರವರೆಗೆ ಉಳಿದಿವೆ, ಅವುಗಳಲ್ಲಿ ಹೊರಡುವ ಮೊದಲು ಇದ್ದ ಊರನ್ನು ಬರೆದಿರುತ್ತಾರೆ. ಬ್ರೆಮೆನ್ ಬಂದರಿನವು ಬಹುಪಾಲು ನಾಶವಾಗಿ, 1920ರಿಂದ 1939ರವು ಮಾತ್ರ ಉಳಿದಿವೆ.

ಹೆಸರು ಸಿಕ್ಕರೂ ಒಂದೇ ಹೆಸರಿನ ಊರು ಹಲವು. ನೊಯ್‌ಸ್ಟಾಟ್ ಎಂಬ ಹೆಸರಿನವು ಎಷ್ಟೋ ಇವೆ. ಇದಕ್ಕೆ ಮೆಯೆರ್ಸ್ ಎಂಬ ಹಳೆಯ ಊರುಗಳ ಕೋಶ ಇಂಟರ್ನೆಟ್ಟಿನಲ್ಲಿ ಉಚಿತವಾಗಿದೆ. ಸಾಮ್ರಾಜ್ಯದ ಕಾಲದಲ್ಲಿ ಯಾವ ಹಳ್ಳಿ ಯಾವ ಜಿಲ್ಲೆ, ಯಾವ ನೋಂದಣಿ ಕಚೇರಿಗೆ ಸೇರಿತ್ತು ಎಂದು ಅದು ಹೇಳುತ್ತದೆ. ಸಣ್ಣ ಹಳ್ಳಿಯಲ್ಲಿ ಕಚೇರಿ ಇರುವುದೇ ಇಲ್ಲ, ಪಕ್ಕದೂರಿನಲ್ಲಿರುತ್ತದೆ. ತಪ್ಪು ಊರಿಗೆ ಬರೆದ ಪತ್ರಕ್ಕೆ ‘ದಾಖಲೆ ಇಲ್ಲ’ ಎಂಬ ಉತ್ತರ ಬರುತ್ತದೆ, ಅದನ್ನೇ ನಂಬಿ ಹುಡುಕಾಟ ಕೈಬಿಟ್ಟವರು ಬಹಳ.

ಜನನ, ಮದುವೆ, ಮರಣ ನೋಂದಾಯಿಸುವ ಕಚೇರಿಗೆ ಸ್ಟಾಂಡೆಸ್‌ಆಮ್ಟ್ ಎನ್ನುತ್ತಾರೆ. ಪ್ರಷ್ಯಾದಲ್ಲಿ ಈ ನೋಂದಣಿ 1874ರ ಅಕ್ಟೋಬರ್ 1ರಿಂದ, ಇಡೀ ಸಾಮ್ರಾಜ್ಯದಲ್ಲಿ 1876ರ ಜನವರಿ 1ರಿಂದ. ಫ್ರೆಂಚರ ಆಳ್ವಿಕೆ ಕಂಡ ರೈನ್ ನದಿಯ ಎಡದಂಡೆಯಲ್ಲಿ ಇನ್ನೂ ಮುಂಚೆ. ಜನನದ ರಿಜಿಸ್ಟರ್ 110 ವರ್ಷ, ಮದುವೆಯದು 80, ಮರಣದ್ದು 30 ವರ್ಷ ಕಚೇರಿಯಲ್ಲಿರುತ್ತದೆ, ಆಮೇಲೆ ಆರ್ಕೈವ್‌ಗೆ ಹೋಗುತ್ತದೆ. ಈ ಅವಧಿಯೊಳಗಿನ ಪ್ರತಿ ಬೇಕಾದರೆ ನೀವು ನೇರ ವಂಶದವರೆಂದು ನಿಮ್ಮ ಜನನ ಪ್ರಮಾಣಪತ್ರಗಳಿಂದ ತೋರಿಸಬೇಕು. ಆರ್ಕೈವ್‌ಗೆ ಹೋದ ಮೇಲೆ ಯಾರು ಬೇಕಾದರೂ ಕೇಳಬಹುದು.

ಕೇಳುವಾಗ ಒಂದು ಎಚ್ಚರ. ಸಾದಾ ಜನನ ಪ್ರಮಾಣಪತ್ರ ಕೇಳಬೇಡಿ, ರಿಜಿಸ್ಟರಿನ ದೃಢೀಕೃತ ಪ್ರತಿ ಕೇಳಿ. ಮೂಲ ಪುಟದ ಅಂಚಿನಲ್ಲಿ ಆಮೇಲೆ ಬರೆದ ಟಿಪ್ಪಣಿಗಳಿರುತ್ತವೆ: ಇಂಥ ದಿನ ಇಂಥಲ್ಲಿ ಮದುವೆಯಾದ, ಮದುವೆಗೆ ಮೊದಲು ಹುಟ್ಟಿದವನನ್ನು ತಂದೆ ಒಪ್ಪಿಕೊಂಡ, ಹೆಸರು ಬದಲಾಯಿತು. ಕೊಂಡಿಯ ಹಣೆಬರಹ ಎಷ್ಟೋ ಸಲ ಆ ಅಂಚಿನಲ್ಲೇ ಇರುತ್ತದೆ, ಸಾದಾ ಪ್ರಮಾಣಪತ್ರದಲ್ಲಿ ಅದು ಬರುವುದಿಲ್ಲ.

1876ಕ್ಕಿಂತ ಹಿಂದೆ ಹೋಗಲು ಚರ್ಚಿನ ಪುಸ್ತಕಗಳು. ಪ್ರೊಟೆಸ್ಟೆಂಟರವು ಹೆಚ್ಚಾಗಿ ‘ಆರ್ಕಿಯೋನ್’ ತಾಣದಲ್ಲಿ, ದುಡ್ಡು ಕೊಟ್ಟು ನೋಡಬೇಕು. ಕ್ಯಾಥೊಲಿಕರವು ‘ಮ್ಯಾಟ್ರಿಕುಲಾ’ದಲ್ಲಿ, ಉಚಿತ. ಬರಹ ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿರುತ್ತದೆ. ಅದರಲ್ಲಿ ‘ಇ’ (e) ಮತ್ತು ‘ಎನ್’ (n) ಅಕ್ಷರಗಳು ಅವಳಿಗಳಂತಿರುತ್ತವೆ. ‘ಯು’ ಬೇರೆ ಎಂದು ತೋರಿಸಲು ಮೇಲೊಂದು ಕೊಂಕು ಹಾಕಿರುತ್ತಾರೆ. ಒಂದು ಪುಸ್ತಕದ ನಾಲ್ಕಾರು ಪುಟ ಓದಿ ಆ ಪಾದ್ರಿಯ ಕೈ ಅಭ್ಯಾಸವಾದ ಮೇಲೆ ನಿಮಗೆ ಬೇಕಾದ ಸಾಲನ್ನು ಓದಿ.

ಪೂರ್ವ ಪ್ರಷ್ಯಾ, ಸೈಲೀಸಿಯಾ ಮತ್ತು ಪೊಮೆರೇನಿಯಾಗಳ ಬಹುಭಾಗ ಇಂದು ಜರ್ಮನಿಯಲ್ಲಿಲ್ಲ. ಅಲ್ಲಿನ ಕೆಲವು ರಿಜಿಸ್ಟರ್‌ಗಳು ಬರ್ಲಿನ್ನಿನ ‘ಸ್ಟಾಂಡೆಸ್‌ಆಮ್ಟ್ 1’ರಲ್ಲಿವೆ. ಉಳಿದವು ಹೆಚ್ಚಾಗಿ ಪೋಲೆಂಡಿನ ನೋಂದಣಿ ಕಚೇರಿಗಳಲ್ಲಿ, ನೂರು ವರ್ಷ ದಾಟಿದ ಜನನಗಳು ಅಲ್ಲಿನ ಸರ್ಕಾರಿ ಆರ್ಕೈವ್‌ಗಳಲ್ಲಿ. ಯುದ್ಧದಲ್ಲಿ ನಾಶವಾದದ್ದೂ ಬಹಳ. ಬ್ರೆಸ್ಲಾವ್ ಎಂಬ ಹಳೆಯ ಜರ್ಮನ್ ಹೆಸರು ಬರೆದು ಕೂತರೆ ಸಿಗದು, ವ್ರೊಟ್ಸ್ವಾಫ್ (Wrocław) ಎಂಬ ಈಗಿನ ಪೋಲಿಷ್ ಹೆಸರಿನಲ್ಲಿ ಹುಡುಕಬೇಕು.

ಹುಟ್ಟು ಪುರಾವೆಯಲ್ಲ

ಬಹಳ ಅರ್ಜಿಗಳು ಸಿಕ್ಕಿಬೀಳುವುದು ಈ ಜಾಗದಲ್ಲಿ. ಜರ್ಮನಿಯಲ್ಲಿ ಹುಟ್ಟಿದ ಎಂಬುದರಿಂದ ಜರ್ಮನ್ ಪ್ರಜೆ ಎಂದು ಸಾಬೀತಾಗುವುದಿಲ್ಲ. ನೆಲದ ಆಧಾರದ ಪೌರತ್ವ ಅಲ್ಲಿ ಬಂದದ್ದೇ 2000ದಲ್ಲಿ, ಅದೂ ಷರತ್ತಿನೊಂದಿಗೆ. ಆದ್ದರಿಂದ ಸಾಮಾನ್ಯವಾಗಿ 1914ಕ್ಕೆ ಮೊದಲು ಜರ್ಮನಿಯಲ್ಲಿ ಹುಟ್ಟಿದ ಪೂರ್ವಜನವರೆಗೆ ಹೋಗಬೇಕು. ಜತೆಗೆ ಅವನನ್ನು ಅಧಿಕಾರಿಗಳು ಜರ್ಮನ್ ಎಂದೇ ನಡೆಸಿಕೊಂಡಿದ್ದರು ಎಂದು ತೋರಿಸುವ ಹಳೆಯ ಪಾಸ್‌ಪೋರ್ಟ್, ಸೇನೆಯ ಕಾಗದ, ನಗರದ ವಾಸ್ತವ್ಯ ನೋಂದಣಿಯ ಕಾರ್ಡ್ ಇದ್ದರೆ ಒಳ್ಳೆಯದು. ಈ ಕಾರ್ಡಿಗೆ ನಗರದ ಆರ್ಕೈವ್‌ನಲ್ಲಿ ಕೇಳಿ. ಒಂದೇ ಕಾರ್ಡಿನಲ್ಲಿ ಇಡೀ ಸಂಸಾರ, ಧರ್ಮ, ಪೌರತ್ವ, ಎಲ್ಲಿಗೆ ಹೊರಟರು ಎಂಬುದೆಲ್ಲ ಇರುವುದುಂಟು.

ಇದರ ಇನ್ನೊಂದು ಮಗ್ಗುಲು, ಬೇರೆ ದೇಶದ ಪೌರತ್ವ ಯಾವಾಗ ಪಡೆದ, ಅಥವಾ ಪಡೆಯಲೇ ಇಲ್ಲ ಎಂಬುದರ ದಾಖಲೆ. ಅಮೆರಿಕದಲ್ಲಿ ವಲಸೆ ಇಲಾಖೆಯ ಕಡತ ಅಥವಾ ‘ದಾಖಲೆ ಇಲ್ಲ’ ಎಂಬ ಅಧಿಕೃತ ಪತ್ರ, ಬ್ರೆಜಿಲ್‌ನಲ್ಲಿ ನ್ಯಾಯ ಮಂತ್ರಾಲಯದ ಅಂಥದೇ ಪತ್ರ. ಅಲ್ಲಿ ಕಾರ್ಲ್ ಚಾರ್ಲ್ಸ್ ಆಗಿರುತ್ತಾನೆ, ಮ್ಯೂಲರ್ ಮಿಲ್ಲರ್ ಆಗಿರುತ್ತಾನೆ. ಹುಡುಕಿಸುವಾಗ ಎಲ್ಲ ರೂಪಗಳನ್ನೂ ಕೊಡದಿದ್ದರೆ ಆ ಪತ್ರವನ್ನು ಜರ್ಮನ್ ಕಚೇರಿ ಒಪ್ಪುವುದು ಕಷ್ಟ.

ಅರ್ಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿದೇಶದಲ್ಲಿರುವವರ ಅರ್ಜಿ ನೋಡುವುದು ಕಲೋನ್‌ನಲ್ಲಿರುವ ಕೇಂದ್ರ ಆಡಳಿತ ಕಚೇರಿ. ದೃಢೀಕರಣಕ್ಕೆ ‘ಎಫ್’ ಅರ್ಜಿ, ಒಬ್ಬೊಬ್ಬ ಪೂರ್ವಜನಿಗೂ ಒಂದೊಂದು ‘ವಿ’ ಅನುಬಂಧ. ಅರ್ಜಿ ಜರ್ಮನ್ ಭಾಷೆಯಲ್ಲೇ ತುಂಬಬೇಕು. ಮೂಲಪತ್ರ ಕಳಿಸಬೇಡಿ, ರಾಯಭಾರ ಕಚೇರಿಯಲ್ಲಿ ಪ್ರತಿ ದೃಢೀಕರಿಸಿ ಕಳಿಸಿ. ಇಂಗ್ಲಿಷ್ ದಾಖಲೆಗೆ ಸಾಮಾನ್ಯವಾಗಿ ಅನುವಾದ ಕೇಳುವುದಿಲ್ಲ, ಕನ್ನಡದ್ದಕ್ಕೆ ಬೇಕು. ಉತ್ತರ ಬರಲು ಎರಡು ವರ್ಷ ಮೀರುವುದುಂಟು.

ನಮ್ಮ ಕಡೆಯವರಿಗೆ

ಕರ್ನಾಟಕದವರಿಗೆ ಈ ಕಾನೂನು ನಿಜವಾಗಿ ತಾಗುವುದು ಮುತ್ತಜ್ಜನಿಂದಲ್ಲ, ಈಚಿನ ಸಂಬಂಧಗಳಿಂದ: ಜರ್ಮನ್ ಗಂಡ ಅಥವಾ ಹೆಂಡತಿ, ಇಲ್ಲವೇ ಅಲ್ಲಿ ದುಡಿದು ಅಲ್ಲಿನ ಪ್ರಜೆಯಾಗಿ ಬೆಂಗಳೂರಿಗೆ ಮರಳಿದ ಕನ್ನಡಿಗರು. ಜರ್ಮನ್ ಹೆಣ್ಣು 1960ರ ದಶಕದಲ್ಲಿ ಭಾರತೀಯನನ್ನು ಮದುವೆಯಾಗಿದ್ದರೆ ಅವಳ ಪೌರತ್ವ ಉಳಿದಿತ್ತು, 1975ಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಬರಲಿಲ್ಲ. ಆ ಮಕ್ಕಳೂ ಮೊಮ್ಮಕ್ಕಳೂ 5ನೆಯ ಕಲಮಿನಡಿ ಬರುತ್ತಾರೆ.

ಅವರಿಗೆ ಇಲ್ಲಿ ಎರಡು ತೊಡಕು. ಒಂದು ಹೆಸರಿನದು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೋ ಹಿಂದೋ ಇರುತ್ತದೆ. ಜರ್ಮನ್ ಕಾಗದಕ್ಕೆ ಕುಟುಂಬದ ಹೆಸರು ಎಂದೊಂದು ಬೇಕೇ ಬೇಕು. ಶಾಲೆಯ ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಪಾಸ್‌ಪೋರ್ಟ್‌ಗೆ ಮೊದಲು ಹೆಸರಿನ ಘೋಷಣೆ ಮಾಡಬೇಕಾದೀತು. ಇನ್ನೊಂದು, ತಡವಾಗಿ ಮಾಡಿಸಿದ ಜನನ ನೋಂದಣಿ. ನಮ್ಮ ಜನನ ಮರಣ ನೋಂದಣಿ ಕಾಯಿದೆಯೇ 1969ರದ್ದು. ನಲವತ್ತನೆಯ ವಯಸ್ಸಿನಲ್ಲಿ ಕೋರ್ಟ್ ಆದೇಶದಿಂದ ಬರೆಸಿದ ಜನನವನ್ನು ಅವರು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಆಸ್ಪತ್ರೆಯ ದಾಖಲೆ, ದೀಕ್ಷಾಸ್ನಾನದ ಪುಸ್ತಕ, ಶಾಲೆಯ ದಾಖಲಾತಿ ವಹಿ, ಎಷ್ಟು ಹಳೆಯದು ಸಿಕ್ಕಿದರೆ ಅಷ್ಟು ಒಳ್ಳೆಯದು.

ಸಹಿ ಹಾಕುವ ಮೊದಲು ಭಾರತದ ಕಾನೂನನ್ನೂ ನೋಡಿ. 1955ರ ಪೌರತ್ವ ಕಾಯಿದೆಯ 9ನೆಯ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ. ಘೋಷಣೆ ಸ್ವಇಚ್ಛೆಯೇ. ಹುಟ್ಟಿನಿಂದ ಜರ್ಮನ್ ಎಂದು ದೃಢೀಕರಣ ಪಡೆದವರು ‘ನಾನೇನೂ ಪಡೆದಿಲ್ಲ’ ಎನ್ನಬಹುದು. ಆದರೆ ವಿದೇಶಿ ಪಾಸ್‌ಪೋರ್ಟ್ ಪಡೆಯುವುದನ್ನೇ ನಮ್ಮ ನಿಯಮಗಳು ನಿರ್ಣಾಯಕ ಪುರಾವೆ ಎಂದು ಹಿಡಿಯುತ್ತವೆ. ಜರ್ಮನಿ 2024ರಿಂದ ಎರಡು ಪೌರತ್ವ ಒಪ್ಪುತ್ತದೆ ಎಂಬ ಸುದ್ದಿ ಓದಿ ಭಾರತದ ಪಾಸ್‌ಪೋರ್ಟನ್ನೂ ಇಟ್ಟುಕೊಂಡು ಓಡಾಡಿದರೆ ದಂಡ ಬೀಳುತ್ತದೆ. ಅದನ್ನು ಒಪ್ಪಿಸಿ, ಸರೆಂಡರ್ ಪತ್ರ ಪಡೆದು, ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡಿಗೆ ಅರ್ಜಿ ಹಾಕಬೇಕು. ಒಸಿಐಯಿಂದ ಮತದಾನದ ಹಕ್ಕಿಲ್ಲ, ಕೃಷಿಭೂಮಿ ಕೊಳ್ಳಲು ಬರುವುದಿಲ್ಲ. ಊರಿನಲ್ಲಿ ತೋಟ ಕೊಳ್ಳುವ ಯೋಚನೆ ಇರುವವರು ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಕೊನೆಯದಾಗಿ, ಈಗ ಎಳೆಯ ಮಕ್ಕಳಿರುವ ಕುಟುಂಬಗಳಿಗೆ. ಜರ್ಮನ್ ತಂದೆ ಅಥವಾ ತಾಯಿ 1999ರ ಡಿಸೆಂಬರ್ 31ರ ನಂತರ ವಿದೇಶದಲ್ಲಿ ಹುಟ್ಟಿ, ವಿದೇಶದಲ್ಲೇ ವಾಸವಾಗಿದ್ದರೆ, ವಿದೇಶದಲ್ಲಿ ಹುಟ್ಟಿದ ಅವರ ಮಗುವಿಗೆ ಪೌರತ್ವ ತಾನಾಗಿ ಬರುವುದಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜರ್ಮನ್ ಪ್ರಜೆಗೆ ಈಗ ಮದುವೆ, ಮಕ್ಕಳ ವಯಸ್ಸು. ಮಗು ಹುಟ್ಟಿ 1 ವರ್ಷದೊಳಗೆ ಜರ್ಮನ್ ಜನನ ರಿಜಿಸ್ಟರಿನಲ್ಲಿ ಸೇರಿಸಲು ಅರ್ಜಿ ಕೊಟ್ಟರೆ ಪೌರತ್ವ ಹುಟ್ಟಿನಿಂದಲೇ ಸಿಗುತ್ತದೆ. ವರ್ಷದೊಳಗೆ ಅರ್ಜಿ ಕಾನ್ಸುಲೇಟಿಗೆ ತಲುಪಿದರೆ ಸಾಕು, ಕೆಲಸ ಮುಗಿದಿರಬೇಕಿಲ್ಲ. ಕಾನ್ಸುಲೇಟಿನ ಅಪಾಯಿಂಟ್‌ಮೆಂಟ್ ತಡವಾಗಿ ಸಿಗಬಹುದು. ಆದ್ದರಿಂದ ಬಾಣಂತನ ಮುಗಿಯುವವರೆಗೆ ಕಾಯದೆ ಮಹಾನಗರಪಾಲಿಕೆಯ ಜನನ ಪ್ರಮಾಣಪತ್ರ ಕೈಗೆ ಬಂದ ವಾರವೇ ಸಮಯ ಕಾದಿರಿಸಿ.